ಬೆರಳು ಅಂದರೆ ಐದು

ಕಾರ್ತಿಕದ ಮೂರನೆಯ ಸೋಮವಾರ. ಮುಂಜಾನೆ ಏಳೂಕಾಲು. ರಂಗಂಪೇಟೆಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾಲ್ವರು: ನಾನು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ತಂಗಿ, ವಯಸ್ಸಾದವರ ಮಾತು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ಓದುತ್ತಿರುವ ಕೊಂಕಲ್‌ನ ಒಬ್ಬ ಹುಡುಗಿ, ಮತ್ತು ನನ್ನ ಮೈದುನನ ಮಗ, ದೇವಾಪುರದ ಹತ್ತಿರದ ನಮ್ಮ ಉಪಕಾಲುವೆಯ ರೈತರ ಸಂಘಕ್ಕೆ ಅಧ್ಯಕ್ಷ. ಹುಡುಗಿಯನ್ನು ನಾನು ಬರಹೇಳಿದ್ದೆ. ಅಧ್ಯಕ್ಷ ತಾನಾಗಿಯೇ ಬಂದಿದ್ದ.

ಹೀಗೆ ಬರೆದಿಡುವುದು ನನ್ನ ರೂಢಿ. ಇಪ್ಪತ್ತೆರಡು ವರ್ಷ ಕಾಲುವೆ ಕ್ಯಾಂಪಿನ ವೈರ್‌ಲೆಸ್ ಕೋಣೆಯಲ್ಲಿ ಕೂತವಳಿಗೆ ವೇಳೆ ಹಾಕದೆ ಏನನ್ನೂ ಶುರು ಮಾಡಲು ಕೈ ಏಳುವುದಿಲ್ಲ. ಮೊದಲು ವೇಳೆ, ಆಮೇಲೆ ಯಾರಿದ್ದರು, ಆಮೇಲೆ ಸುದ್ದಿ. ತಂಗಿ ನಗುತ್ತಾಳೆ. "ಹಾಲು ಉಕ್ಕಿದ್ದೂ ಬರಕೋ ಅಕ್ಕಾ, ಏಳು ಇಪ್ಪತ್ತಕ್ಕ" ಅನ್ನುತ್ತಾಳೆ. ಉಕ್ಕಿದರೆ ಬರೆದುಕೊಳ್ಳುತ್ತೇನೆ.

ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಸಂಘದ ಕೋಣೆಯ ಮುಂದೆ ವಾರದ ನೀರಿನ ಪಾಳಿ ಓದುವುದಿತ್ತು. ನಮ್ಮ ಉಪಕಾಲುವೆಗೆ ಇಪ್ಪತ್ನಾಲ್ಕು ತೂಬು. ಯಾವ ತೂಬು ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನು ಪ್ರತಿ ಸೋಮವಾರ ಮೈಕಿನಲ್ಲಿ ಓದುತ್ತಾರೆ. ನೌಕರಿಯಿಂದ ನಿವೃತ್ತಳಾದ ಮರು ತಿಂಗಳಿನಿಂದ ಓದುತ್ತಿರುವವಳು ನಾನು. ನಮ್ಮ ಹೊಲ ಕಾಲುವೆಯ ಕಟ್ಟಕಡೆಗಿದೆ, ಇಪ್ಪತ್ನಾಲ್ಕನೆಯ ತೂಬು. ಮೇಲಿನವರಿಗೆ ಒಂದು ಗಳಿಗೆ ಹೆಚ್ಚು ಓದಿದರೆ ಮೊದಲು ಒಣಗುವುದು ನನ್ನದೇ ಹೊಲ. ಆ ನಂಬಿಕೆಯ ಮೇಲೆ ನನ್ನ ಕೈಗೆ ಮೈಕು ಕೊಟ್ಟಿದ್ದರು.

ಮೂರು ವಾರದ ಹಿಂದೆ ನಾನೊಂದು ತಪ್ಪು ಓದಿದೆ. ಹದಿನೇಳನೆಯ ತೂಬಿಗೆ ಬಂದಾಗ ಈಗ ಆ ಹೊಲ ಮಾಡುವ ಮಗನ ಹೆಸರು ಕೂಗುವ ಬದಲು ಅವನ ಅಪ್ಪನ ಹೆಸರು ಕೂಗಿದೆ. ಅಪ್ಪ ತೀರಿ ಎರಡು ವರ್ಷ. ಮಗ ಕಾಲುವೆ ದಂಡೆಯ ಮೇಲೆ ಸಲಿಕೆ ಹಿಡಿದು ನಿಂತಿದ್ದನಂತೆ. ಮೈಕು ಕೇಳಿದವನೇ ಸಲಿಕೆ ಹೆಗಲಿಗೇರಿಸಿ ಮನೆಗೆ ಹೋದ. ಪಾಳಿಯ ದಿನ ಬರಲೇ ಇಲ್ಲ, ಅವನ ನೀರು ಮುಂದಕ್ಕೆ ಹರಿಯಿತು. ಮೆಣಸಿನ ಗಿಡ ಒಂದು ವಾರ ಬಾಡಿದವು. ಯಾಕಪ್ಪಾ ಹೀಗೆ ಮಾಡಿದಿ ಎಂದು ಕೇಳಿದ್ದಕ್ಕೆ, "ಕರದದ್ದು ನಮ್ಮಪ್ಪನ್ನ. ಅವ ಎದ್ದು ಬಂದು ನೀರು ಕಟ್ಟಲಿ ಅಂತ ದಾರಿ ಬಿಟ್ಟೆ" ಅಂದನಂತೆ.

ತಪ್ಪು ನನ್ನದು. ಅದನ್ನು ಅವತ್ತೇ ಬರೆದುಕೊಂಡಿದ್ದೇನೆ. ಆದರೆ ಅಲ್ಲಿಂದ ಮುಂದೆ ಮೇಲಿನ ತೂಬಿನವರು, ಮುದುಕಿಯ ನಾಲಿಗೆ ಹಿಡಿತ ತಪ್ಪಿದೆ, ಓದಲು ಬೇರೆಯವರನ್ನು ನೋಡಿ ಎಂದು ಅಧ್ಯಕ್ಷನ ಕಿವಿ ಕಚ್ಚತೊಡಗಿದರು. ಅವರು ನೋಡಿಟ್ಟವನ ಹೊಲ ಮೂರನೆಯ ತೂಬಿನಲ್ಲಿದೆ. ಅಧ್ಯಕ್ಷನಿಗೆ ನನ್ನ ಮೇಲೆ ಮರ್ಯಾದೆ ಇದೆ, ಅವರ ಮೇಲೆ ಅಂಜಿಕೆ ಇದೆ. ಹುಡುಗಿ ನನ್ನ ಮಾತು ಪರೀಕ್ಷೆ ಮಾಡಲು ಬರುತ್ತಾಳೆಂದು ತಿಳಿದು, ಅವಳ ಬಾಯಿಂದಲೇ ಒಂದು ತೀರ್ಮಾನ ಸಿಕ್ಕರೆ ತನಗೆ ಸುಲಭ ಎಂದು ಬಂದು ಕೂತಿದ್ದ.

ಹುಡುಗಿ ಹೋದ ವರ್ಷವೂ ಇದೇ ತಿಂಗಳು ಬಂದಿದ್ದಳು. ಶಹಾಪುರ, ಸುರಪುರ, ಯಾದಗಿರಿಯ ಕಡೆ ವಯಸ್ಸಾದವರ ಮನೆಮನೆಗೆ ಹೋಗುತ್ತಾಳೆ. ಪ್ರತಿ ವರ್ಷ ಅದೇ ಅರವತ್ತು ಶಬ್ದ. ಅವಳು ಒಂದು ಶಬ್ದ ಹೇಳಬೇಕು, ನಾವು ಬಾಯಿಗೆ ಮೊದಲು ಬಂದ ಇನ್ನೊಂದು ಶಬ್ದ ಹೇಳಬೇಕು. ಎಷ್ಟು ತಡವಾಗಿ ಬಂತು, ಯಾವ ಬಗೆಯ ಶಬ್ದ ಬಂತು ಎಂದು ಬರೆದುಕೊಳ್ಳುತ್ತಾಳೆ. ಅವಳ ಹಾಳೆಯಲ್ಲಿ ಮೂರು ಅಂಕಣ: ಅರ್ಥದಿಂದ ಬಂದದ್ದು, ಸಪ್ಪಳದಿಂದ ಬಂದದ್ದು, ನಂಟಿಲ್ಲದ್ದು.

"ಅವ್ವಾರ, ವಿಚಾರ ಮಾಡಬ್ಯಾಡ್ರಿ. ಬಂದದ್ದು ಅನ್ರಿ" ಅಂದಳು.

"ವಿಚಾರ ಮಾಡದ ಮಾತಾಡೋದು ನಮ್ಮ ಅಕ್ಕಗ ಬರಂಗಿಲ್ಲವಾ" ಎಂದು ತಂಗಿ ಒಳಗಿಂದ ಹೇಳಿದಳು.

ಶುರುವಾಯಿತು. ಮನಿ ಅಂದಳು, ಕದ ಅಂದೆ. ಹಾಲು ಅಂದಳು, ಬೆಕ್ಕು ಅಂದೆ. ನೀರು ಅಂದಳು, ಕೊಡ ಅಂದೆ.

ಅಲ್ಲಿ ಅವಳು ಒಮ್ಮೆ ತಲೆ ಎತ್ತಿದಳು. ಹೋದ ವರ್ಷ ನೀರಿಗೆ ನಾನು ಪಾಳಿ ಅಂದಿದ್ದೆನಂತೆ.

ಕೊಡ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ಸುರಪುರದ ಗುಡ್ಡದ ಬುಡದಲ್ಲಿ ನಮ್ಮ ತವರುಮನೆ. ಕಾಲುವೆ ಬರುವ ಮುಂಚಿನ ಮಾತು. ನಾನೂ ತಂಗಿಯೂ ಹೊತ್ತು ಹುಟ್ಟುವ ಮುಂಚೆ ಬಾವಿಗೆ ಹೋಗಿ, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಬರುತ್ತಿದ್ದೆವು. ಆಗ ಯಾರಾದರೂ ನೀರು ಅಂದರೆ ಕುತ್ತಿಗೆ ತಾನಾಗಿ ಬಿಗಿಯುತ್ತಿತ್ತು. ಕ್ಯಾಂಪಿಗೆ ಹೋದಮೇಲೆ ನೀರು ಅಂದರೆ ಗೇಟು ಆಯಿತು. ಹೊಲಕ್ಕೆ ಮರಳಿದ ಮೇಲೆ ಪಾಳಿ ಆಯಿತು. ಈಗ ಮತ್ತೆ ಕೊಡ. ವಯಸ್ಸಾದಂತೆ ಶಬ್ದಗಳು ಹಿಂದಕ್ಕೆ ನಡೆಯುತ್ತವೆ ಎಂದು ಹುಡುಗಿ ಹೇಳಿದಳು. ನಡೆದರೆ ನಡೆಯಲಿ, ಅವುಗಳ ಊರು ಅಲ್ಲೇ ಇದೆ.

ಬೆರಳು ಅಂದಳು.

"ಐದು" ಅಂದೆ.

ಒಲಿ ಅಂದಳು. "ಮೂರು" ಅಂದೆ. ಸಂತಿ ಅಂದಳು. "ಏಳು" ಅಂದೆ. ಕಣ್ಣು, ಎರಡು. ಚೇಳು, ಎಂಟು. ಬಳಿ ಅಂದಳು, "ಸೊನ್ನಿ" ಅಂದೆ. ಇವು ಒಂದರ ಹಿಂದೆ ಒಂದು ಬಂದವಲ್ಲ. ನಡುವೆ ಬೇರೆ ಶಬ್ದಗಳಿದ್ದವು. ಆದರೆ ಈ ಆರಕ್ಕೂ ನನ್ನ ಉತ್ತರ ಅವಳ ಶಬ್ದ ಮುಗಿಯುವ ಮುಂಚೆಯೇ ಬಂತು. ಅವಳ ಪೆನ್ನು ಪ್ರತಿ ಸಲ ಮೂರನೆಯ ಅಂಕಣಕ್ಕೆ ಹೋಯಿತು.

ನಾಲ್ವತ್ತೊಂದನೆಯ ಶಬ್ದ ಕೀಲಿ.

ಏನೂ ಬರಲಿಲ್ಲ. ಕೀಲಿ ನನಗೆ ಗೊತ್ತು. ಅದರ ತೂಕ ಗೊತ್ತು, ಕೈಗೆ ಹತ್ತುವ ತುಕ್ಕಿನ ವಾಸನೆ ಗೊತ್ತು. ಕ್ಯಾಂಪಿನ ಕೋಣೆಗೆ ಎಷ್ಟು ಸಾವಿರ ಸಲ ಹಾಕಿ ತೆಗೆದಿದ್ದೇನೆ. ಆದರೂ ಅದರ ಪಕ್ಕದ ಶಬ್ದ ಬಾಯಿಯ ಹೊರಗೇ ನಿಂತಿತು. ಹುಡುಗಿಯ ಮೊಬೈಲಿನಲ್ಲಿ ಸೆಕೆಂಡು ಓಡುತ್ತಿದ್ದವು.

"ಟ್ರಂಕು" ಎಂದು ತಂಗಿ ಒಳಗಿಂದ ಹೇಳಿದಳು.

"ನಿಮ್ಮದು ಲೆಕ್ಕಕ್ಕಿಲ್ರಿ" ಅಂದಳು ಹುಡುಗಿ.

"ಯಾಕವಾ, ನನಗೇನ್ ವಯಸ್ಸಾಗಿಲ್ಲೇನು?"

ಎಲ್ಲರೂ ನಕ್ಕೆವು, ಅಧ್ಯಕ್ಷನೊಬ್ಬನನ್ನು ಬಿಟ್ಟು. ಅವನು ಕುತ್ತಿಗೆ ಚಾಚಿ ಹಾಳೆಯನ್ನು ಓದುತ್ತಿದ್ದ.

"ನಂಟಿಲ್ಲ ಅಂತ ಬರದೀಯಲ್ಲವಾ. ಆರು ಕಡಿ. ಹೋದ ವರ್ಷ ಎಷ್ಟಿದ್ದವು?"

"ಎರಡ್ರಿ. ಆದ್ರ ಅದು ಹಂಗಲ್ರಿ—"

"ಎರಡಿದ್ದದ್ದು ಆರು ಆದವು. ಒಂದಕ್ಕ ಮಾತೇ ಬರಲಿಲ್ಲ." ನನ್ನ ಕಡೆ ತಿರುಗಿದ. ದನಿ ಮೆತ್ತಗೆ ಮಾಡಿದ. "ದೊಡ್ಡವ್ವ, ನೀ ಸಿಟ್ಟಾಗಬ್ಯಾಡ. ಇಷ್ಟು ವರ್ಷ ಓದಿದಿ. ಇನ್ನ ಆರಾಮ ಇರು. ಇವತ್ತ ಆ ಮೂರನೇ ತೂಬಿನವ ಓದ್ತಾನ."

"ಯಾರು ಹೇಳಿದ್ರು?"

"ಹಾಳಿ ಹೇಳಾಕತ್ತದಲ್ಲ."

"ಹಾಳಿ ನಿನಗ ಏನೂ ಹೇಳಿಲ್ಲ. ಬೆರಳು ಅಂದ್ರ ಐದು ಅನ್ನೋದರಾಗ ಏನು ತಪ್ಪು? ನಿನ್ನ ಕೈಯಾಗ ಎಷ್ಟು ಅದಾವ, ಎಣಸು."

"ಚೇಳಿಗೆ ಎಂಟು ಅಂದಿ. ಸಂತಿಗೆ ಏಳು ಅಂದಿ."

"ಚೇಳಿನ ಕಾಲು ಎಣಸು. ಸಂತಿ ಎಷ್ಟು ದಿನಕ್ಕೊಮ್ಮೆ ಆಗ್ತದ, ಅದನ್ನೂ ಎಣಸು."

ಹುಡುಗಿ ಪೆನ್ನು ಕೆಳಗಿಟ್ಟಳು. "ಅವ್ವಾರ, ಎಲ್ಲಿಂದ ಬಂದಾವ್ರಿ ಇವು?" ಎಂದು ಕೇಳಿದಳು. ಹೋದ ವರ್ಷ ಕೇಳಿರಲಿಲ್ಲ. ಕೇಳಿದ್ದರೆ ಹೋದ ವರ್ಷವೇ ಹೇಳುತ್ತಿದ್ದೆ.

ನನ್ನ ಗಂಡ ಕಾಲುವೆ ಕ್ಯಾಂಪಿನಲ್ಲಿ ವೈರ್‌ಲೆಸ್ ಆಪರೇಟರ್. ಮದುವೆಯಾಗಿ ಆರನೆಯ ವರ್ಷ ಕಾಮಾಲೆಯಲ್ಲಿ ಹೋದರು. ನಾನು ಹತ್ತನೆಯ ಇಯತ್ತೆ ಪಾಸಾಗಿದ್ದೆ. ಅನುಕಂಪದ ಮೇಲೆ ಅವರ ಕುರ್ಚಿ ನನಗೆ ಸಿಕ್ಕಿತು. ಕ್ಯಾಂಪಿನ ಸಾಹೇಬರು, ಎಂಜಿನಿಯರು, ಮೊದಲ ದಿನ ಹೇಳಿದ್ದು ಒಂದೇ ಮಾತು: "ಆರು, ಹನ್ನೆರಡು, ಆರು. ಆರು ದಾಟಿ ಒಂದು ನಿಮಿಷಕ್ಕೆ ಬಂದರೆ ಬರಬೇಡಿ." ಮುಂಜಾನೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಪ್ರತಿ ಗೇಟಿನಿಂದ ನೀರಿನ ಮಟ್ಟ ಬರುತ್ತಿತ್ತು. ಅದನ್ನು ಕೇಳಿ, ಬರೆದು, ಸಾಹೇಬರ ಮೇಜಿಗೆ ಮುಟ್ಟಿಸಬೇಕು. ಒಂದು ಅಂಕಿ ತಪ್ಪಿದರೆ ಮೇಲಿನ ಗೇಟು ಹೆಚ್ಚು ಎತ್ತಿ ಕೆಳಗಿನ ದಂಡೆ ಒಡೆಯುತ್ತದೆ, ಇಲ್ಲವೇ ಕೆಳಗಿನ ಊರಿಗೆ ನೀರೇ ಮುಟ್ಟುವುದಿಲ್ಲ.

ವೈರ್‌ಲೆಸ್ಸು ಹುರಿಯುವ ಬಾಣಲೆಯ ಹಾಗೆ ಸಪ್ಪಳ ಮಾಡುತ್ತಿತ್ತು. ಗುರುಮಠಕಲ್ ಕಡೆಯವನೊಬ್ಬ ಅಂಕಿಯನ್ನು ತೆಲುಗಿನಲ್ಲಿ ಹೇಳುತ್ತಿದ್ದ, ಶಹಾಪುರದ ಕಡೆಯ ಗೇಟಿನ ಕಾಕಾ ಉರ್ದುವಿನಲ್ಲಿ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ತಿಂಗಳು ಒಂದೊಂದು ಮಟ್ಟಕ್ಕೆ ನಾಲ್ಕು ನಾಲ್ಕು ಸಲ ಕೂಗಾಡಿದ್ದಾಯಿತು. ಎರಡನೆಯ ತಿಂಗಳು ನಾನು ಒಂದು ದಾರಿ ತೆಗೆದೆ. ಪ್ರತಿ ಅಂಕಿಗೆ ಜೋಡಿಯಾಗಿ ಒಂದು ಶಬ್ದ. ಸೊನ್ನೆಗೆ ಬಳೆ, ಒಂದಕ್ಕೆ ಸೂರ್ಯ, ಎರಡಕ್ಕೆ ಕಣ್ಣು, ಮೂರಕ್ಕೆ ಒಲೆ, ನಾಲ್ಕಕ್ಕೆ ನಾಲ್ಕು ಕಾಲಿನ ಮಂಚ ಹೊರಸು, ಐದಕ್ಕೆ ಬೆರಳು, ಆರಕ್ಕೆ ರುಚಿ, ಏಳಕ್ಕೆ ಸಂತೆ, ಎಂಟಕ್ಕೆ ಚೇಳು. ಗೇಟಿನವನು ಶಬ್ದ ಹೇಳಬೇಕು, ನಾನು ಅಂಕಿ ತಿರುಗಿ ಹೇಳಬೇಕು. "ಕಣ್ಣು, ಒಲಿ, ಬೆರಳು" ಎಂದು ಅವನಂದರೆ "ಎರಡು, ಮೂರು, ಐದು" ಎಂದು ನಾನನ್ನಬೇಕು. ಎರಡು ಮೀಟರ್ ಮೂವತ್ತೈದು. ಅವನು "ದುರಸ್ತ್", ಅಂದರೆ ಸರಿ ಇದೆ, ಅನ್ನುವವರೆಗೆ ಪೆನ್ನು ಕಾಗದಕ್ಕೆ ಮುಟ್ಟಿಸುವಂತಿಲ್ಲ.

ಒಂಬತ್ತಕ್ಕೆ ನಾನು ಇಟ್ಟದ್ದು ಬಸಿರು. ಸಾಹೇಬರು ಕರೆಸಿದರು.

"ಇದು ಸರ್ಕಾರಿ ವೈರ್‌ಲೆಸ್. ಒಂಬತ್ತಕ್ಕೆ ಬೇರೆ ಶಬ್ದ ಇಡಿ. ಗ್ರಹ ಅಂತ ಇಡಿ, ನವಗ್ರಹ."

"ಗ್ರಹ ಯಾರ ಬಾಯಿಗೂ ಬರಂಗಿಲ್ರಿ ಸಾಹೇಬ್ರ. ನೀವು ಮನ್ಯಾಗ ಅಮ್ಮಾವ್ರಿಗೆ ಒಂಬತ್ತು ಅಂತ ಅಂದು ನೋಡ್ರಿ, ಏನ್ ಅಂತಾರ ಕೇಳಿ ಬರ್ರಿ."

ಕೇಳಿದರೋ ಇಲ್ಲವೋ ಗೊತ್ತಿಲ್ಲ. ಮರುದಿನ ಗೇಟಿನ ಕಾಕಾನ ಅಭಿಪ್ರಾಯ ತೆಗೆದುಕೊಂಡರು. ವೈರ್‌ಲೆಸ್ಸಿನಲ್ಲೇ ಕಾಕಾ ಹೇಳಿದ: "ಗ್ರಹ ನಂಗ ಗೊತ್ತಿಲ್ಲ ಸಾಬ್. ಬಸಿರು ಗೊತ್ತದ. ಮನ್ಯಾಗ ಏಳು ಮಕ್ಕಳು." ಬಸಿರು ಉಳಿಯಿತು. ನಾನು ನಿವೃತ್ತಳಾಗುವವರೆಗೆ ಆ ಕಾಲುವೆಯ ಒಂಬತ್ತುಗಳೆಲ್ಲ ಬಸಿರೇ. ಆ ಕಾಕಾನ ಮುಖವನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವನ ಬೆರಳು ನನಗೆ ಗೊತ್ತು, ಒಲೆ ಗೊತ್ತು. ದಿನಕ್ಕೆ ಮೂರು ಹೊತ್ತು, ಮಳೆ ಬಿಸಿಲು ಹಬ್ಬ ಎನ್ನದೆ, ಅವನು ಬೆರಳು ಅಂದರೆ ನಾನು ಐದು ಅನ್ನುತ್ತಿದ್ದೆ.

ಇದನ್ನೆಲ್ಲ ಹೇಳಿ, ಟ್ರಂಕಿನಿಂದ ನನ್ನ ಸ್ವಂತ ನೋಟುಬುಕ್ಕು ತೆಗೆದು ಹುಡುಗಿಯ ಮುಂದಿಟ್ಟೆ. ಮೊದಲ ಪುಟದಲ್ಲೇ ಹತ್ತೂ ಜೋಡಿಗಳಿದ್ದವು. ಅವಳು ತನ್ನ ಹಾಳೆಯನ್ನು ಪಕ್ಕಕ್ಕಿಟ್ಟು ಒಂದೊಂದಾಗಿ ಹೋಲಿಸಿದಳು. ಆರೂ ಸರಿಯಿದ್ದವು.

"ನಂಟಿಲ್ಲ ಅಂತ ಬರದದ್ದು ತಪ್ಪಾತ್ರಿ" ಅಂದಳು.

"ನಿನಗ ಗೊತ್ತಿರದ ನಂಟು. ಇಲ್ಲದ ನಂಟು ಅಲ್ಲ."

"ಆದ್ರ ಅವ್ವಾರ, ಹೋದ ವರ್ಷ ಕಣ್ಣು ಅಂದಾಗ ಕನ್ನಡಕ ಅಂದಿದ್ರಿ. ಒಲಿಗೆ ರೊಟ್ಟಿ ಅಂದಿದ್ರಿ. ಈ ವರ್ಷ ಅಂಕಿ ಯಾಕ ಮುಂದ ಬಂದವು?"

ಸರಿಯಾದ ಪ್ರಶ್ನೆ. ನಾನು ಸುಳ್ಳು ಹೇಳಲಿಲ್ಲ. ಶಬ್ದಗಳು ನನಗೆ ತಡವಾಗಿ ಸಿಗುತ್ತಿವೆ. ಮನುಷ್ಯರ ಹೆಸರಂತೂ ತೀರ ತಡ. ಎದುರಿಗೆ ನಿಂತವರ ಊರು, ಹೊಲ, ಅವರ ತಾಯಿಯ ತವರು ಎಲ್ಲ ಬರುತ್ತದೆ, ಹೆಸರು ಬರುವುದಿಲ್ಲ. ನಿನ್ನೆ ಮೊನ್ನೆ ಸೇರಿದ ಶಬ್ದಗಳು ಮೊದಲು ಜಾರುತ್ತವೆ. ಇಪ್ಪತ್ತೆರಡು ವರ್ಷ ದಿನಕ್ಕೆ ಮೂರು ಹೊತ್ತು ಬಡಿದು ಕೂರಿಸಿದವು ಅಲುಗಾಡಿಲ್ಲ. ಮೇಲಿನ ಮಣ್ಣು ತೊಳೆದುಹೋದಾಗ ಕಲ್ಲು ಕಾಣುತ್ತದೆ. ಕಲ್ಲು ಕಂಡಿತೆಂದು ಹೊಲ ಕೆಟ್ಟಿತು ಎಂದು ತೀರ್ಮಾನ ಮಾಡುವವರು ಕಲ್ಲಿನ ಮೇಲೆ ಮನೆ ಕಟ್ಟುವವರನ್ನು ನೋಡಿಲ್ಲ.

ಅಧ್ಯಕ್ಷ ಎದ್ದು ನಿಂತಿದ್ದ. "ಅದೆಲ್ಲ ಖರೇ ಇರಬಹುದು ದೊಡ್ಡವ್ವ. ಮಂದಿಗೆ ಬೇಕಾದದ್ದು ಹೆಸರು. ನಿನಗ ಹೆಸರೇ ಬರಂಗಿಲ್ಲಂದ್ರ?"

"ಕೂಡು. ಹೆಸರು ನನಗೂ ಬರಂಗಿಲ್ಲ, ತೂಬಿಗೂ ಬೇಕಾಗಿಲ್ಲ. ಹೆಸರು ಸಾಯ್ತಾವ, ಮಾರಾಟ ಆಗ್ತಾವ, ಪಾಲಾಗ್ತಾವ. ತೂಬಿನ ಅಂಕಿ ಕಾಲುವಿ ಕಟ್ಟಿದ ದಿನದಿಂದ ಅದೇ ಅದ. ಇವತ್ತ ನಾನೇ ಓದ್ತೀನಿ. ಒಂದು ತಪ್ಪು ಉಳೀತು ಅಂದ್ರ ಮುಂದಿನ ಸೋಮವಾರದಿಂದ ಮೈಕು ನಿಮ್ಮದು. ನಾ ಆ ಕೋಣಿ ಕಡೆ ತಿರುಗಿ ನೋಡಂಗಿಲ್ಲ."

"ಒಂದು ತಪ್ಪು ಆತು ಅಂದ್ರ?"

"ಆದ್ರ ಅಲ್ಲ. ಉಳದ್ರ."

"ಎರಡಕ್ಕೂ ಏನ್ ಫರಕ್?"

"ನಾಲ್ಕಕ್ಕ ತೋರಸ್ತೀನಿ. ನೀ ಒಂದು ಕೆಲಸ ಮಾಡು. ಸಂಘದ ಮೊಬೈಲ್ ಗುಂಪಿನಾಗ ಈಗೇ ಹೇಳಿ ಕಳಸು. ಪ್ರತಿ ತೂಬಿಗೆ ಒಬ್ಬರು ಬಂದು ಬೇವಿನ ಗಿಡದ ಬುಡಕ ನಿಂದರಬೇಕು. ಮನ್ಯಾಗ ಕುಂತು ಮೈಕು ಕೇಳೋದು ಇವತ್ತಿಗೆ ಬಂದ್."

ಅವನು ತಂಗಿಯ ಕಡೆ ತಿರುಗಿದ. ಅವಳು ರೊಟ್ಟಿಯ ಬುಟ್ಟಿ ತಂದು ಅವನ ಮುಂದಿಟ್ಟು, "ಉಂಡು ಹೋಗಪಾ. ಆಕಿ ಜೋಡಿ ಹಸಿದ ಹೊಟ್ಟ್ಯಾಗ ವಾದ ಮಾಡಬ್ಯಾಡ, ನಾ ಎಪ್ಪತ್ತು ವರ್ಷ ಮಾಡಿ ಸೋತೀನಿ" ಅಂದಳು. ಅವನು ಎರಡು ರೊಟ್ಟಿ ತಿಂದ. ಹೋಗುವಾಗ ಹೊಸ್ತಿಲಲ್ಲಿ ನಿಂತು ಮೊಬೈಲಿನಲ್ಲಿ ಮಾತಾಡಿ ಸಂದೇಶ ಕಳಿಸಿದ. "ತೂಬಿಗೆ ಒಬ್ಬರು, ನಾಲ್ಕಕ್ಕ, ತಪ್ಪಸಬ್ಯಾಡ್ರಿ." ಅಷ್ಟಾದರೂ ನೆಟ್ಟಗೆ ಹೇಳಿದ.

ಪರೀಕ್ಷೆ ನಾಲ್ವತ್ತೊಂದಕ್ಕೆ ನಿಂತಿತ್ತು. ಉಳಿದದ್ದನ್ನು ಪಾಳಿ ಓದಿದ ಮೇಲೆ ಮುಗಿಸೋಣ, ಅರ್ಧ ಬಿಟ್ಟು ಮಲಗುವವಳಲ್ಲ ನಾನು ಎಂದೆ. ಹುಡುಗಿ ಒಪ್ಪಿದಳು. ಮಧ್ಯಾಹ್ನದವರೆಗೆ ನಾನು ಪಾಳಿಯ ಹಾಳೆಯನ್ನು ಹೊಸದಾಗಿ ಬರೆದೆ. ಹೆಸರಿನ ಅಂಕಣ ತೆಗೆದುಹಾಕಿದೆ. ತೂಬು, ವಾರ, ಹೊತ್ತು ಮತ್ತು ಒಂದು ಖಾಲಿ ಚೌಕ. ಮೂರೂಕಾಲಿಗೆ ನಾನು, ತಂಗಿ, ಹುಡುಗಿ ಟಂಟಂ ಆಟೋ ಹತ್ತಿದೆವು. ಮೂರು ಐವತ್ತಕ್ಕೆ ಸಂಘದ ಕೋಣೆಯ ಮುಂದೆ ಇಳಿದೆವು.

ಬೇವಿನ ಬುಡದಲ್ಲಿ ಜನ ಸೇರಿದ್ದರು. ಹೊಲದಿಂದ ನೇರ ಬಂದ ಹೆಂಗಸರು ಹತ್ತಿ ಬಿಡಿಸುವ ಮಡಿಲನ್ನು ಇನ್ನೂ ಬಿಚ್ಚಿರಲಿಲ್ಲ. ಮೂರನೆಯ ತೂಬಿನವನು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ, ಓದಲು ಕರೆಯುತ್ತಾರೆಂದು. ಹದಿನೇಳರ ಮಗ ಹೆಗಲಿಗೆ ಟವೆಲ್ ಹಾಕಿಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದ.

ನಾಲ್ಕಕ್ಕೆ ಸರಿಯಾಗಿ ಮೈಕು ತೆಗೆದುಕೊಂಡೆ. "ಇವತ್ತಿಂದ ಹೆಸರು ಓದಂಗಿಲ್ಲ. ತೂಬಿನ ಅಂಕಿ ಓದ್ತೀನಿ. ಆ ತೂಬಿನವರು ಕೇಳಿದ್ದನ್ನ ತಿರುಗಿ ಹೇಳಬೇಕು. ನಾ ದುರಸ್ತ್ ಅನ್ನೋ ತನಕ ಪಾಳಿ ನಿಮ್ಮದಲ್ಲ."

"ಸಾಲಿ ಮಾಡಿಬಿಟ್ರಿ ನಮ್ದು" ಎಂದು ಒಬ್ಬ ಮುದುಕ ಗೊಣಗಿದ.

"ಹೌದು. ಮೊದಲನೇ ಬೆಂಚು ನಿಂದೇ. ತೂಬು ಸೂರ್ಯ, ಅಂದ್ರ ಒಂದು. ಮಂಗಳವಾರ. ರುಚಿಯಿಂದ ಬಸಿರಿನ ತನಕ, ಅಂದ್ರ ಮುಂಜಾನಿ ಆರರಿಂದ ಒಂಬತ್ತು. ತಿರುಗಿ ಹೇಳು."

ಅವನು ಹೇಳುವ ಮುಂಚೆ ಹೆಂಗಸರ ಕಡೆಯಿಂದ ಒಂದು ದನಿ ಬಂತು. "ಮೂರು ತಾಸಿನ ಬಸಿರು ಚಲೋ ಅದ ಬಿಡ್ರಿ. ನಮಗೂ ಹಂಗೇ ಮುಗದಿದ್ರ." ಬೇವಿನ ಬುಡವೆಲ್ಲ ನಕ್ಕಿತು. ನಕ್ಕವರು ಮರೆಯುವುದಿಲ್ಲ, ಸಾಹೇಬರಿಗೆ ಇದನ್ನು ಅವತ್ತು ತಿಳಿಸಿ ಹೇಳಲು ನನಗೆ ಬಂದಿರಲಿಲ್ಲ. ಮುದುಕ "ಒಂದು, ಮಂಗಳವಾರ, ಆರರಿಂದ ಒಂಬತ್ತು" ಅಂದ. ದುರಸ್ತ್ ಅಂದೆ. ಚೌಕದಲ್ಲಿ ಗೆರೆ ಎಳೆದೆ.

ಹೀಗೆ ನಡೆಯಿತು. ಎಂಟನೆಯ ತೂಬಿನ ಹೆಣ್ಣುಮಗಳು "ಚೇಳು" ಎಂದು ತಾನೇ ಮುಂಚೆ ಹೇಳಿದಳು. ಹನ್ನೊಂದರವನು ವಾರ ತಪ್ಪು ಕೇಳಿಸಿಕೊಂಡಿದ್ದ. ತಿರುಗಿ ಹೇಳಿದಾಗ ಸಿಕ್ಕಿಬಿದ್ದ, ತಿದ್ದಿದೆ. ಹಿಂದೆ ಮೈಕಿನಲ್ಲಿ ಬರಿಯ ಓದಿ ಎದ್ದು ಹೋಗುತ್ತಿದ್ದಾಗ ಇಂಥವು ಎಷ್ಟು ಗಾಳಿಯಲ್ಲಿ ಹೋಗಿದ್ದವೋ. ಅದೂ ನನ್ನದೇ ತಪ್ಪು. ವೈರ್‌ಲೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಪಾಲಿಸಿದ ನಿಯಮವನ್ನು, ಎದುರಿಗೆ ಮನುಷ್ಯರಿದ್ದಾರೆಂದು ಇಲ್ಲಿ ಬಿಟ್ಟುಬಿಟ್ಟಿದ್ದೆ.

ಹದಿನೇಳು ಬಂತು.

ಹಾಳೆಯಲ್ಲಿ ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ. "ತೂಬು ಸೂರ್ಯ, ಸಂತಿ" ಎಂದೆ. ಅಷ್ಟಕ್ಕೇ ನಿಲ್ಲಬೇಕಿದ್ದ ಬಾಯಿ ನಿಲ್ಲದೆ, ಅವನ ಅಪ್ಪನ ಹೆಸರನ್ನೂ ಹೇಳಿಬಿಟ್ಟಿತು. ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ.

ಯಾರೂ ನಗಲಿಲ್ಲ. ಮೂರನೆಯ ತೂಬಿನವನು ಅಧ್ಯಕ್ಷನ ಕಡೆ ನೋಡಿದ. ಅಧ್ಯಕ್ಷ ನೆಲ ನೋಡಿದ. ತಂಗಿ ಸೆರಗಿನ ತುದಿ ಹಿಡಿದುಕೊಂಡಳು. ನಾನು ಮೈಕು ಕೆಳಗಿಡಲಿಲ್ಲ.

"ಬುಧವಾರ. ಹನ್ನೆರಡರಿಂದ ಮೂರು. ತಿರುಗಿ ಹೇಳು" ಅಂದೆ.

ಅವನು ಹಿಂದಿನಿಂದ ಮುಂದೆ ಬಂದ. ಟವೆಲ್ ತೆಗೆದು ಕೈಯಲ್ಲಿ ಹಿಡಿದ.

"ತೂಬು ಹದಿನೇಳು. ಬುಧವಾರ. ಹನ್ನೆರಡರಿಂದ ಮೂರು." ನಿಂತ. "ಹೆಸರು ನಮ್ಮಪ್ಪಂದಲ್ರಿ. ನಂದು." ತನ್ನ ಹೆಸರು ಹೇಳಿದ.

ನಾನು ಅದನ್ನು ಮೈಕಿನಲ್ಲಿ ತಿರುಗಿ ಹೇಳಿದೆ.

"ದುರಸ್ತ್ ರಿ" ಎಂದು ಅವನೇ ಅಂದ. ಆಮೇಲೆ, "ಅವತ್ತು ಹಿಂಗ ಕೇಳಿದ್ರ ಅವತ್ತೇ ಹೇಳ್ತಿದ್ದೆನಲ್ಲ."

"ಅವತ್ತು ಕೇಳಲಿಲ್ಲ. ನಿನ್ನ ಮೆಣಸಿನ ಗಿಡ ಬಾಡಿದ್ದು ನನ್ನಿಂದ."

"ಈಗ ಚಿಗತಾವ ಬಿಡ್ರಿ" ಅಂದ. ಹಿಂದಕ್ಕೆ ಹೋಗಲಿಲ್ಲ. ಮುಂದಿನ ಸಾಲಿನಲ್ಲೇ ಕೂತ.

ಅಧ್ಯಕ್ಷ ಹತ್ತಿರ ಬಂದು ಮೆಲ್ಲಗೆ ಹೇಳಿದ. "ತಪ್ಪಾತಲ್ಲ ದೊಡ್ಡವ್ವ."

"ಆತು. ಉಳೀತೇನು?"

ಅವನು ನನ್ನ ಹಾಳೆ ನೋಡಿದ. ಹದಿನೇಳರ ಚೌಕದಲ್ಲಿ ಗೆರೆ ಇತ್ತು. ಮೂರನೆಯ ತೂಬಿನವನು ಏನೋ ಹೇಳಲು ಎದ್ದಿದ್ದ. ಹೆಂಗಸರ ಕಡೆಯಿಂದ, "ಮುಂದ ಓದ್ರಿ ಅವ್ವಾರ, ಹೊತ್ತಾಗ್ತದ, ಎಮ್ಮಿ ಹಿಂಡಬೇಕು" ಎಂಬ ದನಿ ಬಂತು. ಅಧ್ಯಕ್ಷ ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದ. "ಕೂಡ್ರಿ. ಇನ್ನ ಏಳು ಅದಾವ."

ಇಪ್ಪತ್ನಾಲ್ಕನೆಯದು ನನ್ನದೇ. ಅದನ್ನು ಓದಿದೆ. ತಿರುಗಿ ಹೇಳುವವರು ಯಾರು? ನಾನೇ ಹೇಳಿದರೆ ನಿಯಮ ಮುರಿದಂತೆ. ಹದಿನೇಳರವನು ಕೂತಲ್ಲಿಂದಲೇ ತಿರುಗಿ ಹೇಳಿದ, ಒಂದು ಅಕ್ಷರ ತಪ್ಪದೆ. ದುರಸ್ತ್ ಅಂದೆ. ನಾಲ್ಕು ಐವತ್ತೆರಡಕ್ಕೆ ಮೈಕು ಆರಿಸಿದೆ. ಮುಂದಿನ ಸೋಮವಾರ ಯಾರು ಓದುವುದು ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷ ಮೈಕಿನ ಕೋಣೆಗೆ ಕೀಲಿ ಹಾಕಿ, ಎಂದಿನಂತೆ ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿದ.

ಜನ ಚದುರಿದ ಮೇಲೆ ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿ ಉಳಿದ ಹತ್ತೊಂಬತ್ತು ಶಬ್ದ ತೆಗೆ ಎಂದೆ. ದಣಿದಿದ್ದೀರಿ, ನಾಳೆ ಮಾಡೋಣ ಅಂದಳು. ಇವತ್ತಿನದು ಇವತ್ತೇ ಎಂದೆ. ಕೀಲಿಯನ್ನು ಮತ್ತೊಮ್ಮೆ ಕೇಳು ಎಂದು ನಾನು ಹೇಳಲಿಲ್ಲ. ಬರಲಿಲ್ಲ ಎಂದು ಬರೆದದ್ದು ಬರೆದ ಹಾಗೇ ಇರಲಿ. ಅವಳು ಹೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಕೆಲವು ತಡವಾದವು. ತಡವಾದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಲಿಲ್ಲ. ಗೇಟು ಎತ್ತಿದ ಮೇಲೆ ನೀರು ಕಾಲುವೆಯ ತುದಿ ಮುಟ್ಟಲು ಹೊತ್ತು ಹಿಡಿಯುತ್ತದೆ. ತುದಿಯಲ್ಲಿ ಹೊಲ ಇಟ್ಟುಕೊಂಡವರಿಗೆ ಕಾಯುವುದು ಗೊತ್ತಿರುತ್ತದೆ.

ಅರವತ್ತನೆಯ ಶಬ್ದ ಹೆಸರು.

"ಹದಿನೇಳು" ಅಂದೆ.

ಅವಳ ಪೆನ್ನು ಮೂರೂ ಅಂಕಣಗಳ ಮೇಲೆ ಸುಳಿದಾಡಿತು. "ಇದನ್ನ ಎಲ್ಲಿ ಬರೀಲ್ರಿ?"

"ಅದು ನಿನ್ನ ಕೆಲಸ. ನಂದು ಮುಗೀತು."

ಎಲ್ಲಿ ಬರೆದಳೋ ನಾನು ನೋಡಲಿಲ್ಲ. ಟಂಟಂನವನು ಹಾರ್ನ್ ಹೊಡೆಯುತ್ತಿದ್ದ, ತಂಗಿ ಆಗಲೇ ಹತ್ತಿ ಕೂತಿದ್ದಳು. ನೋಟುಬುಕ್ಕು ತೆಗೆದು ನಿಂತಲ್ಲೇ ಬರೆದೆ: ಐದು ಇಪ್ಪತ್ತು. ತೂಬು ಇಪ್ಪತ್ನಾಲ್ಕು, ತಿರುಗಿ ಹೇಳಿದ್ದು ಇಪ್ಪತ್ನಾಲ್ಕು. ತಪ್ಪು ಎರಡು, ತಿದ್ದಿದ್ದು ಎರಡು. ಶಬ್ದ ಅರವತ್ತು, ಬಾರದ್ದು ಒಂದು. ಬಾಕಿ ಇಲ್ಲ.